ಹಣೆಪಟ್ಟಿ ಹೇಳಿದ ನೋವು

ಫೋನು ಬಂದಾಗ ಬೆಳಗಿನ ಹತ್ತೂವರೆ. ದಾಕ್ಷಾಯಣಿ ಹೂಗಾರ ಧಾರವಾಡದ ಮಿದುಳು ಸಂಶೋಧನಾ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ, ರಿಪೇರಿಗೆಂದು ಬಂದ ಹದಿನೇಳು ಹಣೆಪಟ್ಟಿಗಳನ್ನು ಮೇಜಿನ ತುಂಬ ಹರಡಿಕೊಂಡು ಕೂತಿದ್ದಳು. ಹನ್ನೆರಡು ವರ್ಷದಿಂದ ಅವಳು ಇಲ್ಲಿ ತಂತ್ರಜ್ಞೆ. ಪಟ್ಟಿಯೊಳಗಿನ ನಾಲ್ಕು ತಾಮ್ರದ ಬಿಲ್ಲೆಗಳನ್ನು ಸ್ಪಿರಿಟ್ಟಿನಿಂದ ಒರೆಸುವುದು, ತನ್ನ ಹಣೆಗೇ ಕಟ್ಟಿಕೊಂಡು ಪರೀಕ್ಷೆ ಮಾಡುವುದು, ಸರಿಯಿದ್ದರೆ ಚೀಟಿ ಅಂಟಿಸುವುದು. ಬೇಸರದ ಕೆಲಸವೇ ಹೌದು. ಆದರೆ ಕೈಗೆ ಕೆಲಸವಿಲ್ಲದಿದ್ದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎರಡು ವರ್ಷದಿಂದ ಈ ಚಡಪಡಿಕೆ ಹತ್ತಿಕೊಂಡಿತ್ತು. ಅದು ಯಾಕೆ ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಫೋನಿನಲ್ಲಿದ್ದವನು ಚನ್ನಬಸು, ಅಕ್ಕ ಕಸ್ತೂರಿಯ ಗಂಡ.

"ದಾಕ್ಷಿ, ನಿಮ್ಮಕ್ಕನ್ನ ದೊಡ್ಡಾಸ್ಪತ್ರಿಗೆ ಕರ್ಕೊಂಡ ಬಂದೀನಿ. ಗಾಬರಿ ಆಗಬ್ಯಾಡ, ಅಂಥಾದ್ದೇನಿಲ್ಲ. ಪಟ್ಟಿ ಮೂರ ತೋರಿಸ್ತೈತಿ."

"ಏನಾಗೈತಿ ಮಾಮಾ?"

"ಮುಂಜಾನಿಂದ ಬೆನ್ನ ನೋಯ್ತೈತಿ ಅಂತಾಳ. ದವಡಿ ಹಿಡದಂಗ ಆಗೈತಂತ. ಎರಡ ಸಲ ವಾಂತಿ ಮಾಡ್ಕೊಂಡ್ಳು. ಮೈಯೆಲ್ಲಾ ತಣ್ಣಗ, ಮ್ಯಾಲ ಬೆವರು. ಪಿತ್ತ ಇರಬೇಕ ನೋಡು."

"ಇಸಿಜಿ ಮಾಡ್ಯಾರೇನು?"

"ಮೂರಕ್ಕ ಯಾರ ಮಾಡ್ತಾರವಾ ಇಸಿಜಿ? ಹಸಿರ ಸಾಲಿನ್ಯಾಗ ಕುಂದರ್ಸ್ಯಾರ. ಪಾಳಿ ಬರಾಕ ಮೂರ ತಾಸ ಆಗ್ತೈತಂತ."

ಮೂರು ಎಂದು ಕೇಳಿದರೆ ಊರಿನ ಬೇರೆ ಯಾರೇ ಆದರೂ ಉಸ್ಸಪ್ಪಾ ಎಂದು ಸುಮ್ಮನಾಗುತ್ತಿದ್ದರು. ದಾಕ್ಷಾಯಣಿ ಸುಮ್ಮನಾಗಲಿಲ್ಲ. ಹಣೆಗೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಕಿತ್ತು ಮೇಜಿನ ಮೇಲೆಸೆದು, ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆಯೇ ಹೊರಗೋಡಿದಳು.

ಈ ಹಣೆಪಟ್ಟಿಯ ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಜ್ವರ ನೋಡಲು ಥರ್ಮಾಮೀಟರ್ ಇದೆ, ನೋವಿಗೆ ಯಾಕಿಲ್ಲ? ಈ ಒಂದು ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವರು ಡಾಕ್ಟರ್ ವಾದಿರಾಜ ಕುಷ್ಟಗಿ. ನೋವಾದಾಗ ಮಿದುಳಿನಲ್ಲಿ ಏಳುವ ಸಣ್ಣ ವಿದ್ಯುತ್ತಿನ ಅಲೆಗಳನ್ನು ಹಣೆಯ ಮೇಲಿಂದಲೇ ಹಿಡಿದು, ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿಯಾಗಿ ತೋರಿಸುವ ಪಟ್ಟಿಯನ್ನು ಅವರು ಮಾಡಿದರು. ಯಂತ್ರಕ್ಕೆ ತಾನಾಗಿ ನೋವು ಗೊತ್ತಾಗುವುದಿಲ್ಲ, ಅದಕ್ಕೆ ಕಲಿಸಬೇಕು. ನೂರಾರು ಜನರ ಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ಅಲೆ ಬರೆದುಕೊಂಡು, 'ನೋವೆಷ್ಟು?' ಎಂದು ಅವರ ಬಾಯಿಂದಲೇ ಕೇಳಿ ಪಕ್ಕದಲ್ಲಿ ಅಂಕಿ ಬರೆಯಬೇಕು. ಇಂಥ ಅಲೆಗೆ ಜನ ಎಂಟು ಅಂದರು, ಇಂಥದ್ದಕ್ಕೆ ಎರಡು ಅಂದರು ಎಂದು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಹೊಸಬರ ಹಣೆಯಲ್ಲಿ ಅದೇ ಅಲೆ ಕಂಡರೆ ಅದೇ ಅಂಕಿ ಒಪ್ಪಿಸುತ್ತದೆ. ಇಷ್ಟೇ ಅದರ ಜಾಣತನ.

ಬಂದ ಎರಡೇ ವರ್ಷದಲ್ಲಿ ಪಟ್ಟಿ ಜನರ ಬದುಕಿನಲ್ಲಿ ಹೊಕ್ಕು ಕೂತುಬಿಟ್ಟಿತು. ಆಸ್ಪತ್ರೆಯಲ್ಲಿ ಏಳರ ಮೇಲಿದ್ದವರಿಗೆ ಗಂಟೆ ಬಾರಿಸಿ ಕೆಂಪು ದೀಪ, ಐದರೊಳಗಿದ್ದವರಿಗೆ ಹಸಿರು ಸಾಲಿನ ಕುರ್ಚಿ. ಕಚೇರಿಗಳಲ್ಲಿ ಐದು ತೋರಿಸಿದರೆ ಮಾತ್ರ ಕಾಯಿಲೆಯ ರಜೆ. ಹೆರಿಗೆ ಕೋಣೆಯಲ್ಲಿ 'ನಾಕಕ್ಕ ಇಷ್ಟ ಒದರ್ತೀಯಲ್ಲ, ಮುಚ್ಚ ಬಾಯಿ' ಎಂದು ಗದರುವ ದಾದಿಯರು. ಮನೆಗಳಲ್ಲಂತೂ ಕೇಳಲೇಬೇಡಿ. ಗಂಡನಿಗೆ ಹಲ್ಲುನೋವು ಬಂದರೆ ಎಂಟು. ಹೆಂಡತಿ ತಿಂಗಳ ಹೊಟ್ಟೆನೋವಿಗೆ ಮಡಚಿಕೊಂಡು ಮಲಗಿದರೆ ಎರಡು. 'ಎರಡ ಐತಿ, ಏಳ, ಚಹಾ ಇಡು' ಎನ್ನುವುದು ಧಾರವಾಡದ ಓಣಿಗಳಲ್ಲಿ ದಿನದ ಮಾತಾಯಿತು. ಮೊದಮೊದಲು ಹೆಂಗಸರು ಜಗಳಾಡಿದರು. ಆಮೇಲೆ ತಮ್ಮ ಮೈಯನ್ನೇ ಅನುಮಾನಿಸತೊಡಗಿದರು. ಮಷೀನು ಸುಳ್ಳು ಹೇಳುತ್ತದೆಯೇ? ತಾವೇ ಸ್ವಲ್ಪ ಅತಿ ಮಾಡುತ್ತಿರಬೇಕು.

ಈ ಎಂಟು, ಎರಡು ಎಲ್ಲಿಂದ ಬಂದವೆಂದು ದಾಕ್ಷಾಯಣಿಗೆ ಗೊತ್ತಿತ್ತು. ಆಟೋದಲ್ಲಿ ಕೂತು 'ಜಲ್ದಿ ಹೊಡಿಯೋ ಅಣ್ಣಾ' ಎಂದು ನೂರು ಸಲ ಹೇಳುತ್ತ ಹೋಗುವಾಗ ಆ ದಿನವೇ ಕಣ್ಣೆದುರು ಬರುತ್ತಿತ್ತು.

ಪಟ್ಟಿಯನ್ನು ಮೊದಲು ಗಂಡಸರ ಮೇಲಷ್ಟೇ ಕಟ್ಟಿ ನೋಡಿದ್ದರು. ಹೆಂಗಸರು ಬೇಡ, ತಿಂಗಳಿಗೊಂದು ಬದಲಾವಣೆ, ನಕ್ಷೆ ಕಲಸಿಹೋಗುತ್ತದೆ ಎಂದಿದ್ದರು ಕುಷ್ಟಗಿಯವರು. ಸಪ್ತಾಪುರದ ಹಾಸ್ಟೆಲಿನ ಹುಡುಗರು ಒಬ್ಬೊಬ್ಬರಾಗಿ ಮುಚ್ಚಿದ ಕೋಣೆಗೆ ಬಂದು, ನೀರಿಗೆ ಕೈಯಿಟ್ಟು ಅರ್ಧ ನಿಮಿಷವಾಗುವುದರೊಳಗೆ 'ಎಂಟ್ರಿ ಸರ! ಒಂಬತ್ರಿ! ತಗೀಲೇನ್ರಿ?' ಎಂದು ಕುಣಿದು ಹೋದರು. ಎಲ್ಲ ಮುಗಿದ ಮೇಲೆ ಮೇಲಿನ ಸಮಿತಿಯಿಂದ ಪತ್ರ ಬಂತು: ಹೆಣ್ಣುಮಕ್ಕಳ ಅಳತೆಯೂ ಬೇಕು, ಇಪ್ಪತ್ತು ದಿನದೊಳಗೆ. ಕುಷ್ಟಗಿಯವರು ತಲೆಯ ಮೇಲೆ ಕೈಹೊತ್ತು ಕೂತರು. 'ಸರ, ನಮ್ಮಕ್ಕನ ರೊಟ್ಟಿ ಕೇಂದ್ರದಾಗ ಮೂವತ್ತೆರಡ ಮಂದಿ ಅದಾರ, ಕರ್ಕೊಂಡ ಬರ್ತೀನ್ರಿ' ಎಂದವಳು ದಾಕ್ಷಾಯಣಿ. ಆಗ ತಾನೇನೋ ಉಪಕಾರ ಮಾಡುತ್ತಿದ್ದೇನೆ ಎಂಬ ಹಿಗ್ಗು ಬೇರೆ.

ಹೊಸಯಲ್ಲಾಪುರದ ಆ ಕೇಂದ್ರದ ಹೆಂಗಸರು ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟು, ಸಾಹೇಬರಿಗೆಂದು ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದರು. ಬಂದವರು ಬಾಗಿಲಲ್ಲೇ ನಿಂತರು. ಪರ ಗಂಡಸು ಇರುವ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಹೋಗುವುದೇ? ಆಗದ ಮಾತು. ಕುಷ್ಟಗಿಯವರು ಮರ್ಯಾದಸ್ಥರು. 'ಅಡ್ಡಿಯಿಲ್ಲವಾ, ಬಾಗಿಲಾ ತಗದs ಇಡ್ರಿ, ಎಲ್ಲಾರೂ ಒಳಗs ಕೂಡ್ರಿ' ಎಂದರು. ಹೀಗಾಗಿ ಮೂವತ್ತೆರಡು ಜನ ಗೋಡೆಗುಂಟ ಜಮಖಾನೆಯ ಮೇಲೆ ಸಾಲಾಗಿ ಕೂತರು, ನಡುವೆ ನೀರಿನ ಬಕೆಟ್ಟು.

ಮೊದಲು ಎದ್ದವಳು ಕಸ್ತೂರಿ. ಕೇಂದ್ರದ ಮುಖ್ಯಸ್ಥೆ ಅವಳು, ದಿನಕ್ಕೆ ನಾನೂರು ರೊಟ್ಟಿ ಬಡಿಯುವ ಕೈ, ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಿನಿಂದಲೇ ತಿರುವಿ ಹಾಕುವವಳು. ನೀರಿಗೆ ಕೈಯಿಟ್ಟಳು. ಇಪ್ಪತ್ತು ಸೆಕೆಂಡಿಗೆ ತುಟಿ ಕಚ್ಚಿದಳು. ನಲವತ್ತಕ್ಕೆ ಕಣ್ಣಿನಿಂದ ನೀರು ತಾನಾಗಿ ಇಳಿಯಿತು. ತೆರೆಯ ಮೇಲೆ ಅಲೆ ಹಾಸ್ಟೆಲಿನ ಯಾವ ಹುಡುಗನದಕ್ಕೂ ಕಡಿಮೆಯಿಲ್ಲದಂತೆ ಎದ್ದೆದ್ದು ಬೀಳುತ್ತಿತ್ತು. ನಿಮಿಷ ಮುಗಿಯಿತು. "ಎಷ್ಟವಾ?" ಎಂದರು ಕುಷ್ಟಗಿಯವರು. ಕಸ್ತೂರಿ ಗೋಡೆಗುಂಟ ಕೂತ ತನ್ನ ಮಂದಿಯನ್ನೊಮ್ಮೆ ನೋಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. "ಎರಡ ಬರ್ಕೋರಿ ಸರ," ಎಂದಳು.

ಮುಖ್ಯಸ್ಥೆಯೇ ಎರಡು ಎಂದ ಮೇಲೆ ಐದು ಎನ್ನುವ ಧೈರ್ಯ ಯಾರಿಗಿದೆ? ಒಬ್ಬಳು ಎರಡು, ಇನ್ನೊಬ್ಬಳು ಮೂರು, ಒಬ್ಬ ಹಿರಿಯಾಕೆ 'ಇದೇನ್ ನೋವ್ರಿ, ಒಂದ ಹಾಕ್ರಿ' ಎಂದಳು. ರೇಣವ್ವ ಎಂಬ ಹೊಸ ಹುಡುಗಿ ಮಾತ್ರ ಪಾಪ, ಕೈ ತೆಗೆಯುತ್ತಲೇ "ಆರು" ಎಂದುಬಿಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿ ಕೆಂಪಾಗಿ "ಅಲ್ರಿ ಅಕ್ಕಾರ, ಮೂರ ಬರೀರಿ" ಎಂದಳು. ದಾಕ್ಷಾಯಣಿ ರಬ್ಬರಿನಿಂದ ಆರು ಅಳಿಸಿ ಮೂರು ಬರೆದಳು. ಬರೆಯುವಾಗ ಒಂದು ಗಳಿಗೆ ಪೆನ್ಸಿಲ್ಲು ನಿಂತಿತ್ತು. ಸರ್‌ಗೆ ಹೇಳಲೇ ಎಂದುಕೊಂಡಳು. ಇಪ್ಪತ್ತು ದಿನದ ಗಡುವಿನಲ್ಲಿ ಉಳಿದದ್ದು ಎರಡೇ ದಿನ. ಹೇಳಲಿಲ್ಲ.

ಅಲ್ಲಿಗೆ ಪಟ್ಟಿಗೆ ಎರಡು ಮಾಪಕಗಳಾದವು, ಪುರುಷ ಮತ್ತು ಸ್ತ್ರೀ. ಕುಷ್ಟಗಿಯವರು ಅದರ ಮೇಲೊಂದು ದೊಡ್ಡ ಲೇಖನವನ್ನೇ ಬರೆದರು: ಹೆಣ್ಣಿನ ಮಿದುಳಿನಲ್ಲಿ ಅಲೆಯ ಗದ್ದಲ ಹೆಚ್ಚು, ಅನುಭವದ ನೋವು ಕಡಿಮೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ದಿನದಿಂದಲೇ ದಾಕ್ಷಾಯಣಿಗೆ ಕೂತಲ್ಲಿ ಕೂರಲಾಗದ ಕಾಯಿಲೆ ಶುರುವಾದದ್ದು.

ದೊಡ್ಡಾಸ್ಪತ್ರೆಯ ಹಸಿರು ಸಾಲಿನಲ್ಲಿ ಕಸ್ತೂರಿ ಗೋಡೆಗೆ ತಲೆ ಆನಿಸಿಕೊಂಡು ಕೂತಿದ್ದಳು. ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು, ಕುಪ್ಪಸ ತೊಯ್ದು ಬೆನ್ನಿಗೆ ಅಂಟಿತ್ತು. ಹಣೆಯ ಪಟ್ಟಿಯಲ್ಲಿ ಹಸಿರಾಗಿ ಮೂರು. ಪಕ್ಕದಲ್ಲಿ ಚನ್ನಬಸು ಸೋಡಾ ಬಾಟಲಿ ಹಿಡಿದು ನಿಂತಿದ್ದ.

"ಅಕ್ಕಾ, ಹೆಂಗಾಗಾಕತ್ತೈತಿ? ಖರೆ ಹೇಳು."

"ಏನಿಲ್ಲ ತಗೀ. ಸ್ವಲ್ಪ ಬೆನ್ನ ಹಿಡದೈತಿ. ಮಷೀನಾ ಮೂರ ಅಂತೈತಲ್ಲ." ಮಾತಿನ ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು. "ನೀ ಯಾಕ ಕೆಲಸ ಬಿಟ್ಟ ಬಂದಿ?"

ದಾಕ್ಷಾಯಣಿ ಒಳಗೋಡಿದಳು. ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಡಾಕ್ಟರ್ ಸ್ಮಿತಾ ಇನಾಮದಾರ ಸಿಕ್ಕಳು. ಮೂವತ್ತರ ಆಸುಪಾಸಿನ ಹುಡುಗಿ, ಕಣ್ಣಿನ ಕೆಳಗೆ ಕಪ್ಪು, ಕೈಯಲ್ಲಿ ನಾಲ್ಕು ಕಾಗದ.

"ಮೇಡಂ, ನಮ್ಮಕ್ಕಗ ಹಾರ್ಟಿಂದ ಏನರೆ ಇರಬಹುದ್ರಿ. ಬೆನ್ನು, ದವಡಿ, ವಾಂತಿ, ಬೆವರು. ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಹಿಂಗs ಬರ್ತೈತಿ ಅಂತ ನೀವೂ ಓದಿರ್ತೀರಿ. ಒಂದ ಇಸಿಜಿ ಮಾಡ್ರಿ."

"ಎಷ್ಟದ ಅವರದು?"

"ಮೂರು. ಆದ್ರ ಆ ಮೂರು ಸುಳ್ರಿ."

ಸ್ಮಿತಾ ದಣಿದ ನಗೆ ನಕ್ಕಳು. "ಎಲ್ಲಾರೂ ಹಂಗs ಹೇಳ್ತಾರ. ಕೆಂಪಿನೊಳಗ ಒಂಬತ್ತು ಮಂದಿ ಇದ್ದಾರ, ಇಸಿಜಿ ಮಷೀನ್ ಇರೋದು ಎರಡು. ನನಗs ಮುಂಜಾನೆಯಿಂದ ಹೊಟ್ಟಿ ಕತ್ತರಿಸಿದಂಗ ಆಗ್ತದ, ಕಟ್ಟಿ ನೋಡ್ಕೊಂಡೆ, ಎರಡದ. ಕೆಲಸ ಮಾಡ್ಲಿಕತ್ತಿಲ್ಲೇನು? ಕೂಡ್ರಿ, ಪಾಳಿ ಬರ್ತದ."

ಬಾಗಿಲು ಮುಚ್ಚಿತು. ದಾಕ್ಷಾಯಣಿ ಅಲ್ಲೇ ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ತಿರುಗಿದಳು. ಜಗಳವಾಡಲು ಹೊತ್ತಿಲ್ಲ, ತಿಳಿಸಿ ಹೇಳಲು ಮೊದಲೇ ಇಲ್ಲ. ಅಕ್ಕನ ಬಳಿ ಬಂದು ಮೊಣಕಾಲೂರಿ ಕೂತಳು. ರಿಪೇರಿಯವರಿಗೆಂದು ಪ್ರತಿ ಪಟ್ಟಿಗೂ ಒಂದು ಗುಪ್ತ ಬಾಗಿಲಿರುತ್ತದೆ. ತೆರೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಆರಂಕಿಯ ಕೋಡ್ ಹಾಕಬೇಕು. ಅವಸರದಲ್ಲಿ ಮೊದಲ ಸಲ ಒಂದು ಅಂಕಿ ತಪ್ಪಿತು. ಎರಡನೆಯ ಸಲ ತೆರೆದುಕೊಂಡಿತು. ಮಾಪಕ: ಸ್ತ್ರೀ. ಅವಳು ಅದನ್ನು ಪುರುಷ ಎಂದು ಬದಲಿಸಿದಳು.

"ಏನ ಮಾಡಾಕತ್ತೀ ನೀನು?" ಎಂದ ಚನ್ನಬಸು.

ಹಸಿರು ಮೂರು ಮಾಯವಾಯಿತು. ಒಂದು ಕ್ಷಣ ತೆರೆ ಖಾಲಿಯಿತ್ತು. ಆಮೇಲೆ ಕೆಂಪಗೆ ಒಂಬತ್ತು ಬಂತು, ಮೇಲೆ ಗೋಡೆಯ ಗಂಟೆ ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡಿತು. ಗಾಲಿ ಮಂಚ ತಳ್ಳಿಕೊಂಡು ಇಬ್ಬರು ಓಡಿಬಂದರು. ಐದು ನಿಮಿಷದ ಹಿಂದೆ ಪಾಳಿ ಬರುತ್ತದೆ ಎಂದಿದ್ದ ಸ್ಮಿತಾಳೇ ಇಸಿಜಿಯ ಕಾಗದ ಎಳೆದು ನೋಡಿ, "ಅಯ್ಯೋ ದೇವರs, ಇಷ್ಟ ಹೊತ್ತು ಹೊರಗ ಯಾರು ಕೂಡ್ರಿಸಿದ್ರು ಇವ್ರನ್ನ?" ಎಂದು ಚೀರಿದಳು. ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳವೊಂದು ಪೂರಾ ಕಟ್ಟಿಕೊಂಡಿತ್ತು.

ಕಸ್ತೂರಿ ಬದುಕಿದಳು. ನಾಳ ಬಿಡಿಸಿ ಸಣ್ಣ ಕೊಳವೆ ಕೂಡಿಸಿದರು. ಆದರೆ ಹಸಿರು ಕುರ್ಚಿಯಲ್ಲಿ ಕಳೆದ ಹೊತ್ತು ಸುಮ್ಮನೆ ಹೋಗಿರಲಿಲ್ಲ, ಹೃದಯದ ಮೂರರಲ್ಲೊಂದು ಪಾಲು ಸತ್ತುಹೋಗಿತ್ತು. ಇನ್ನು ಒಲೆಯ ಮುಂದೆ ಕೂರುವಂತಿಲ್ಲ, ಹಿಟ್ಟು ನಾದುವಂತಿಲ್ಲ, ಒಂದು ಮಹಡಿ ಹತ್ತಿದರೂ ನಡುವೆ ನಿಲ್ಲಬೇಕು ಎಂದರು ದೊಡ್ಡ ಡಾಕ್ಟರು. ಚನ್ನಬಸು ಕಾರಿಡಾರಿನ ಮೂಲೆಯಲ್ಲಿ ನಿಂತು ಅತ್ತ. ಪಿತ್ತ ಇರಬೇಕು ಎಂದದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

ಮರುದಿನ ಬೆಳಗ್ಗೆ ದಾಕ್ಷಾಯಣಿಯನ್ನು ಒಳಗೆ ಬಿಟ್ಟರು. ಮೂಗಿಗೆ ಆಮ್ಲಜನಕದ ನಳಿಕೆ, ಕೈಗೆ ಸೂಜಿ. ರಾತ್ರಿಯೆಲ್ಲ ಹೊರಗಿನ ಬೆಂಚಿನ ಮೇಲೆ ಹೊರಳಾಡಿ ಕೂಡಿಸಿಕೊಂಡ ಮಾತನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಬಕೆಟ್ಟು, ಜಮಖಾನೆ, ಎರಡು, ರೇಣವ್ವನ ಆರು, ರಬ್ಬರು, ಎಲ್ಲ. ನಿನ್ನೆ ಪಟ್ಟಿ ತೋರಿಸಿದ ಮೂರು ನೀನೂ ನಿನ್ನ ಮಂದಿಯೂ ಅಂದು ಹೇಳಿದ ಮಾತು ಅಕ್ಕಾ, ಯಂತ್ರ ಅದನ್ನೇ ನಿನಗೆ ತಿರುಗಿ ಹೇಳಿತು ಎಂದಳು.

ಸಿಟ್ಟು ಬಂದಾಗ ಕಸ್ತೂರಿ ದನಿ ಏರಿಸುವವಳಲ್ಲ, ಇಳಿಸುವವಳು.

"ಅವತ್ತ ಎಷ್ಟ ನೋವಾಗಿತ್ತು ಗೊತ್ತೈತೇನ ನಿನಗ? ಎಲಬು ಒಡದಂಗ ಆಗಿತ್ತು. ಅಷ್ಟ ಮಂದಿ ಮುಂದ ಹೆಂಗ ಹೇಳ್ಲಿ? ನಾ ಅತ್ರ ಅವರೆಲ್ಲಾ ಎದ್ದ ಮನೀಗೆ ಹೋಗಿಬಿಡ್ತಿದ್ರು. ನಿನ್ನ ಮಾರಿ ಉಳೀಲಿ ಅಂತ ತಡಕೊಂಡ್ನಿ."

"ಹೌದಕ್ಕಾ."

"ನಾ ಸುಳ್ಳ ಹೇಳಿದ್ನಿ, ಖರೆ. ನೀ ಬಾಜೂಕ ಕುಂತಿದ್ದಿ. ನನ್ನ ಕಣ್ಣೀರ ನೋಡಿದಿ. ನೀ ಸಣ್ಣಾಕಿದ್ದಾಗಿಂದ ನನ್ನ ಮಾರಿ ನೋಡಾಕತ್ತಾಕಿ ನೀನು. ನನ್ನ ಮಾತು ನೀ ನಂಬಿರಲಿಲ್ಲ ದಾಕ್ಷಿ. ನಂಬದs ಬರದಿ."

ಬೈದಿದ್ದರೆ ದಾಕ್ಷಾಯಣಿ ತಡೆದುಕೊಳ್ಳುತ್ತಿದ್ದಳು. ಅಕ್ಕನ ಪಾದ ಮುಟ್ಟಲು ಹೋದಳು. ಕಸ್ತೂರಿ ಕಾಲು ಎಳೆದುಕೊಂಡಳು.

"ನನ್ನ ಕಾಲ ಬಿಡು. ಹೊರಗ ಆ ಕುರ್ಚಿ ಮ್ಯಾಲ ನನ್ನ ಬಾಜೂ ಒಬ್ಬಾಕಿ ಮುದುಕಿ ಕುಂತಿದ್ಳು, ಹೊಟ್ಟಿ ಹಿಡಕೊಂಡು. ಆಕಿದೂ ಮೂರs ಇತ್ತು. ಏನಾದ್ಳು ನೋಡ ಹೋಗು."

ಹೊರಗೆ ಬಂದವಳು ಹಸಿರು ಸಾಲಿನ ಕಡೆ ನೋಡಿದಳು. ಬೆಳಗಿನ ಹೊತ್ತು, ಕುರ್ಚಿಗಳು ತುಂಬಿದ್ದವು. ಮುದುಕಿಯನ್ನು ನಿನ್ನೆ ಸಂಜೆ ಎರಡು ಗುಳಿಗೆ ಕೊಟ್ಟು ಮನೆಗೆ ಕಳಿಸಿದ್ದರಂತೆ. ದಾಕ್ಷಾಯಣಿ ಅಲ್ಲಿಂದ ಸೀದಾ ಕೇಂದ್ರಕ್ಕೆ ಹೋದಳು. ಇದನ್ನು ಸರಿಮಾಡುವ ಅಧಿಕಾರವಿದ್ದವರು ಅಲ್ಲಿದ್ದರು.

ಕುಷ್ಟಗಿಯವರು ನಿಯಂತ್ರಣ ಕೋಣೆಯಲ್ಲಿಯೇ ಇದ್ದರು. ಅವಳು ಹಳೆಯ ಕಡತ ತೆಗೆದು ಆ ಹಾಳೆಯನ್ನು ಅವರ ಮುಂದಿಟ್ಟಳು. ರಬ್ಬರಿನಿಂದ ಉಜ್ಜಿದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು, ಬೆಳಕಿಗೆ ಹಿಡಿದರೆ ಆರು ಇನ್ನೂ ಕಾಣುತ್ತಿತ್ತು. ನಿನ್ನೆಯದನ್ನೂ ಹೇಳಿದಳು. ಅವರು ಹಾಳೆಯನ್ನು ತಾವೇ ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಾಗಿಲಾ ತಗದಿಡ್ರಿ ಅಂದಾವ ನಾನs," ಎಂದರು ಕೊನೆಗೆ. "ಅವರಿಗೆ ಮರ್ಯಾದಿ ಕೊಟ್ಟೆ ಅಂತ ತಿಳಕೊಂಡಿದ್ದೆ. ಲೇಖನ ಬರದೆ. ಊರೆಲ್ಲಾ ಭಾಷಣಾ ಮಾಡಿದೆ. ಏನ್ ಬಂದಿತ್ತವಾ ನನ್ನ ಬುದ್ಧಿಗೆ?"

"ಸರ, ಇವತ್ತs ನಿಲ್ಲಸ್ರಿ. ಎಲ್ಲಾ ಪಟ್ಟಿಗೂ ಪುರುಷ ಮಾಪಕ ಹಾಕಿಬಿಡ್ರಿ."

"ಅದಾದ್ರೂ ಖರೆ ಅದ ಏನು? ಆ ಹುಡುಗೂರು ಲಗೂನ ಬಿಟ್ರ ಸಾಕು ಅಂತ ಒದರಿದ್ರು. ಒಬ್ಬರು ಕಡಿಮಿ ಹೇಳಿದ್ರು, ಒಬ್ಬರು ಹೆಚ್ಚು ಹೇಳಿದ್ರು. ಎರಡೂ ಮಾಪಕ ಸುಳ್ಳs."

"ಹಂಗಿದ್ರ ಪಟ್ಟಿ ತಗದಿಟ್ಟು, ಬಂದವರನ್ನ ಬಾಯಿಲೆ ಕೇಳಲಿ ಸರ."

ಅವರು ಅವಳನ್ನು ನೋಡಿದರು. ಪಾಪ, ಒಂದೇ ಗಳಿಗೆಯಲ್ಲಿ ಹತ್ತು ವರ್ಷ ವಯಸ್ಸಾದಂತೆ ಕಂಡರು. "ಬಾಯಿಲೆ ಕೇಳೋದು ತಪ್ಪಲಿ ಅಂತನs ಇದನ್ನ ಮಾಡಿದ್ದಲ್ಲೇನು? ಹನ್ನೊಂದು ಜಿಲ್ಲಾದೊಳಗ ನಾಕು ಸಾವಿರ ಪಟ್ಟಿ ಅವ. ಸಮಿತಿ ಮುಂದ ಇಡಬೇಕು, ಹೊಸಾ ಅಳತಿ ತಗೋಬೇಕು. ಕಡಿಮಿ ಅಂದ್ರ ಒಂದು ತಿಂಗಳು. ನಾ ಮಾಡಸ್ತೇನಿ, ಮಾತು ಕೊಡ್ತೇನಿ. ಅಲ್ಲೀತನಕಾ ನೀ ಎಲ್ಲೂ ಬಾಯಿ ಬಿಡಬ್ಯಾಡ. ಜನಾ ಗಾಬರಿ ಆಗ್ತಾರ. ಕೇಂದ್ರಕ್ಕ ಬೀಗಾ ಬೀಳ್ತದ."

ಒಂದು ತಿಂಗಳು. ದಾಕ್ಷಾಯಣಿ ಕಿಟಕಿಯವರೆಗೆ ನಡೆದಳು, ತಿರುಗಿ ಬಂದಳು, ಮತ್ತೆ ಹೋದಳು. ಎರಡು ವರ್ಷದ ಹಿಂದೆ ಎರಡು ದಿನದ ಗಡುವಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಳು. ಈಗ ತಿಂಗಳ ಹೆಸರಿನಲ್ಲಿ ಅದೇ ಕೆಲಸ ಮಾಡು ಎನ್ನುತ್ತಿದ್ದಾರೆ, ಅದೂ ಒಳ್ಳೆಯ ಮನುಷ್ಯ, ಅದೂ ಒಳ್ಳೆಯ ಮಾತಿನಲ್ಲಿ. ತಿಂಗಳೊಳಗೆ ಎಷ್ಟು ಕಸ್ತೂರಿಯರು ಗೋಡೆಗೆ ತಲೆ ಆನಿಸಿ 'ಏನಿಲ್ಲ ತಗೀ' ಎನ್ನುವವರಿದ್ದಾರೆ? ಲೆಕ್ಕ ಹಾಕುವುದಕ್ಕೂ ಅವಳ ಮನಸ್ಸು ಒಪ್ಪಲಿಲ್ಲ.

"ಬರ್ತೀನ್ರಿ ಸರ," ಎಂದಳು.

"ಎಲ್ಲಿಗೆ?"

"ಆಸ್ಪತ್ರಿಗೆ."

ಅವರಿಗೆ ಅರ್ಥವಾಯಿತೋ ಏನೋ. "ದಾಕ್ಷಾಯಣಿ, ಕೋಡ್ ಉಪಯೋಗಿಸಿದ್ರ ನೌಕರಿ ಹೋಗ್ತದ. ನಾ ಅಡ್ಡ ಬರ್ಲಿಕ್ಕೆ ಆಗೂದಿಲ್ಲ," ಎಂದು ಕೂಗಿದರು. ಅವಳು ಮೆಟ್ಟಿಲಿಳಿಯುತ್ತಿದ್ದಳು. ಕಾಲು ನಿಲ್ಲಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಹಸಿರು ಸಾಲಿನಲ್ಲಿ ಹದಿಮೂರು ಹೆಂಗಸರಿದ್ದರು. ಮೊದಲ ಕುರ್ಚಿಯಲ್ಲಿದ್ದವಳು ಕಾಲೇಜು ಹುಡುಗಿ, ಬಲಪಕ್ಕ ಒತ್ತಿ ಹಿಡಿದಿದ್ದಳು. "ತಂಗಿ, ಪಟ್ಟಿ ಸ್ವಲ್ಪ ನೋಡ್ತೀನಿ, ರಿಪೇರಿಯಾಕಿ ನಾನು," ಎಂದು ಕಾರ್ಡು ತೋರಿಸಿದಳು ದಾಕ್ಷಾಯಣಿ. ಹೆಬ್ಬೆರಳು ಒತ್ತಿದಳು, ಆರಂಕಿ ಹಾಕಿದಳು, ಸ್ತ್ರೀ ಅಳಿಸಿದಳು. ಎಂಟು. ಗಂಟೆ ಹೊಡೆದುಕೊಂಡಿತು. ಅವಳು ತಿರುಗಿ ನೋಡದೆ ಎರಡನೆಯ ಕುರ್ಚಿಗೆ ಹೋದಳು. ಅಲ್ಲಿ ಒಂದಿದ್ದದ್ದು ನಾಲ್ಕಾಯಿತು, ಅಷ್ಟೇ. ಮೂರನೆಯದರಲ್ಲಿ ಬಸುರಿ. ಅವಳದು ಎಂಟು. ಮತ್ತೊಂದು ಗಂಟೆ. ನಾಲ್ಕನೆಯವಳು ತಾನೇ ಹಣೆ ಮುಂದೆ ಮಾಡಿ, "ನಂದೂ ನೋಡವಾ, ನಿನ್ನಿಯಿಂದ ಬಂದ ಕುಂತೀನಿ" ಎಂದಳು.

ಕಾವಲುಗಾರ ಓಡಿಬಂದು ಅವಳ ತೋಳು ಹಿಡಿದ. "ಏನ್ ನಡಸೀರಿ ನೀವು? ಯಾರ ಪರ್ಮಿಷನ್ ತಗೊಂಡೀರಿ?"

"ಕೈ ಬಿಡೋ," ಎಂದಳು ನಾಲ್ಕನೆಯವಳು. ಎದ್ದು ಅವನಿಗೂ ದಾಕ್ಷಾಯಣಿಗೂ ನಡುವೆ ನಿಂತಳು. ಐದನೆಯವಳೂ ಎದ್ದಳು. ಅವನು ಅಷ್ಟು ಹೆಂಗಸರ ಮುಂದೆ ಏನು ಮಾಡಬೇಕೆಂದು ತಿಳಿಯದೆ ವಾಕಿಟಾಕಿಯಲ್ಲಿ ಒದರುತ್ತ ಹಿಂದೆ ಸರಿದ. ಒಂಬತ್ತನೆಯ ಕುರ್ಚಿಯ ಹೊತ್ತಿಗೆ ನಾಲ್ಕು ಗಂಟೆಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು, ಗೋಡೆಯೆಲ್ಲ ಕೆಂಪಾಗಿ ಮಿನುಗುತ್ತಿತ್ತು. ಗಂಡಸರ ಸಾಲಿನವರು ಎದ್ದು ನಿಂತು ನೋಡುತ್ತಿದ್ದರು.

ಸ್ಮಿತಾ ಇನಾಮದಾರ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ದಾಕ್ಷಾಯಣಿಯನ್ನು ಗುರುತು ಹಿಡಿದಳು.

"ನಿನ್ನೆ ಮೂರಿದ್ದದ್ದು ಒಂಬತ್ತು ಹೆಂಗಾತು ಅಂತ ರಾತ್ರಿಯೆಲ್ಲಾ ನಿದ್ದಿ ಬಂದಿಲ್ಲ ನನಗ. ನೀವs ಮಾಡಿದ್ರೇನು?"

"ಹೌದ್ರಿ. ಮೊದಲ ತೋರಿಸ್ತಿದ್ದ ಆ ಮೂರನ್ನೂ ನಾನs ಮಾಡಿದ್ದು." ಎರಡೇ ನಿಮಿಷದಲ್ಲಿ, ಗಂಟೆಗಳ ಮೇಲೆ ದನಿಯೇರಿಸಿ, ದಾಕ್ಷಾಯಣಿ ಎಲ್ಲವನ್ನೂ ಹೇಳಿಬಿಟ್ಟಳು. ಸಾಲಿನವರೂ ಕೇಳಿಸಿಕೊಂಡರು. "ಈಗ ತೋರ್ಸಾಕತ್ತಿದ್ದೂ ಖರೆ ಅಲ್ಲ ಮೇಡಂ. ಇದನ್ನೂ ನಂಬಬ್ಯಾಡ್ರಿ."

"ಹಂಗಾದ್ರ ಯಾವುದನ್ನ ನಂಬಲಿ? ಕೆಂಪಿನೊಳಗ ಹದಿನಾರು ಮಂದಿ ಆದ್ರು. ಯಾರನ್ನ ಮೊದಲು ಒಳಗ ತಗೊಳ್ಳಿ ನಾನು?"

ಸ್ಮಿತಾ ಗಂಟೆಯ ಗುಂಡಿ ಒತ್ತಿ ಸದ್ದು ನಿಲ್ಲಿಸಿದಳು. ತನ್ನ ಹೊಟ್ಟೆಯ ಮೇಲೆ ಅವಳಿಗೇ ತಿಳಿಯದಂತೆ ಒಂದು ಕೈ ಇಟ್ಟುಕೊಂಡಿದ್ದಳು. ಸಾಲಿನ ಮೇಲೊಮ್ಮೆ ಕಣ್ಣಾಡಿಸಿ, ಕೊನೆಯ ಕುರ್ಚಿಯ ಹತ್ತಿರ ಹೋದಳು. ಅಲ್ಲಿ ಹಸಿರು ಸೀರೆಯ ಮುದುಕಿಯೊಬ್ಬಳು ಹೊಟ್ಟೆ ಹಿಡಿದು ಬಾಗಿ ಕೂತಿದ್ದಳು. ನಿನ್ನೆ ಎರಡು ಗುಳಿಗೆ ಇಸಿದುಕೊಂಡು ಹೋದವಳು ಮತ್ತೆ ಬಂದಿದ್ದಳು. ದಾಕ್ಷಾಯಣಿಯ ಕೈ ಇನ್ನೂ ಆ ಕುರ್ಚಿಯನ್ನು ಮುಟ್ಟಿರಲಿಲ್ಲ, ಪಟ್ಟಿ ಮೂರರಲ್ಲೇ ಇತ್ತು. ಸ್ಮಿತಾ ಅದನ್ನು ಬಿಚ್ಚಿ ಬದಿಗಿಟ್ಟು, ಮುದುಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಆಯೀ, ಎಲ್ಲಿ ನೋಯ್ತದ? ಎಷ್ಟು ನೋಯ್ತದ ಹೇಳ್ರಿ."

ಮುದುಕಿ ಕಣ್ಣು ತೆರೆದು ಅವಳನ್ನು ನೋಡಿದಳು. ಹಿಂದೆ ನಿಂತ ಕಾವಲುಗಾರನನ್ನು, ಆಚೆ ಎದ್ದು ನಿಂತಿದ್ದ ಗಂಡಸರನ್ನು, ತನ್ನತ್ತಲೇ ತಿರುಗಿದ್ದ ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡಿದಳು. ಸೆರಗು ಬಿಗಿದುಕೊಂಡಳು.

"ಇಷ್ಟ ಮಂದಿ ಮುಂದ ಏನ್ ಹೇಳ್ಲಿ ಮಗಳs," ಎಂದಳು. "ಒಳಗ ಕರ್ಕೊಂಡ ನಡಿ. ಪರದೆ ಎಳಿ. ಹೇಳ್ತೀನಿ."